ಕೆರೆಯ ದಡದ ಮರ: ಒಂದು ಚಿತ್ರವನ್ನು ನೋಡುವ ಬಗೆ

ಚಿತ್ರಕಲೆಯನ್ನು ಕುರಿತು ರೇಡಿಯೋದಲ್ಲಿ ಮಾತನಾಡುವುದು ಒಂದು ವಿಚಿತ್ರವಾದ ಸಾಹಸವೇ ಸರಿ. ಕಣ್ಣಿಗೆ ಸೇರಿದ ವಿಷಯವನ್ನು ಕಿವಿಯ ವಶಕ್ಕೆ ಒಪ್ಪಿಸಬೇಕು, ತೋರಿಸಬೇಕಾದುದನ್ನು ಹೇಳಬೇಕು. ಆದರೂ ಈ ತೊಡಕಿನಲ್ಲಿ ಒಂದು ಅನುಕೂಲವುಂಟು. ಚಿತ್ರವು ಎದುರಿಗಿದ್ದಾಗ ನಾವು ಅದನ್ನು ನೋಡಿಯಾಯಿತೆಂದು ಭಾವಿಸಿ ಮುಂದಕ್ಕೆ ಹೊರಟುಬಿಡುತ್ತೇವೆ. ಎದುರಿಗಿಲ್ಲದಾಗ ಅದರಲ್ಲಿ ಏನೇನಿತ್ತೆಂಬುದನ್ನು ನೆನೆದುಕೊಳ್ಳಲೇಬೇಕಾಗುತ್ತದೆ. ಆದುದರಿಂದ ಈ ಹೊತ್ತಿನ ಮಾತಿಗೆ ಎಲ್ಲರ ನೆನಪಿನಲ್ಲಿಯೂ ಇರತಕ್ಕ ಒಂದು ಚಿತ್ರವನ್ನೇ ಆರಿಸಿಕೊಂಡಿದ್ದೇನೆ. ಒಂದು ಕೆರೆ, ಅದರ ದಡದಲ್ಲಿ ಒಂದು ಮರ. ಅಷ್ಟೆ.

ಈ ಚಿತ್ರವನ್ನು ನೋಡದವರಾರು? ಜವಳಿ ಅಂಗಡಿಯ ಕ್ಯಾಲೆಂಡರಿನಲ್ಲಿ, ವೈದ್ಯರ ಹಜಾರದಲ್ಲಿ, ಹೋಟೆಲಿನ ಗೋಡೆಯ ಮೇಲೆ ಇದು ಎಷ್ಟೋ ಕಾಲದಿಂದ ತೂಗುತ್ತಿದೆ. ನೀಲಿಯಾದ ನೀರು, ಹಿಂದೆ ಹಿಮದ ಟೋಪಿಯಿಟ್ಟ ಬೆಟ್ಟ, ಮುಂದೆ ನೀರಿನ ಕಡೆಗೆ ವಿನಯದಿಂದ ಬಾಗಿದ ಒಂದು ಮರ, ಆ ಮರದ ತಲೆಕೆಳಗಾದ ಪ್ರತಿ. ನಮ್ಮ ಪಾಠಶಾಲೆಯ ಮಕ್ಕಳೂ ಚಿತ್ರವನ್ನು ಬರೆಯಹೇಳಿದರೆ ಇದನ್ನೇ ಬರೆಯುತ್ತಾರೆ. ಬಾಗಿದ ಮರದ ಸ್ಥಾನದಲ್ಲಿ ತೆಂಗಿನ ಮರವನ್ನು ನಿಲ್ಲಿಸುವುದಷ್ಟೇ ಅವರು ದೇಶಕ್ಕೆ ಸಲ್ಲಿಸುವ ಕಾಣಿಕೆ. ಈ ಚಿತ್ರವನ್ನು ಎರಡು ಪ್ರಶ್ನೆ ಕೇಳಿ ನೋಡಿ. ಇದು ಯಾವ ತಿಂಗಳು? ಈ ನೀರು ಎಲ್ಲಿಂದ ಬಂದಿತು? ಕ್ಯಾಲೆಂಡರು ತಿಂಗಳನ್ನು ಕೆಳಗೆ ಅಚ್ಚುಹಾಕಿರುತ್ತದೆಯೇ ಹೊರತು ಚಿತ್ರದಲ್ಲಿ ಅದರ ಸುಳಿವಿರುವುದಿಲ್ಲ. ಅಲ್ಲಿಯ ನೀರು ಹನ್ನೆರಡು ತಿಂಗಳೂ ಒಂದೇ ಮಟ್ಟದಲ್ಲಿ ಹಾಸಿದ ನೀಲಿ ಜಮಖಾನ.

ಈಗ ಚಿತ್ರವನ್ನು ನಮ್ಮ ನೆಲಕ್ಕೆ ತರೋಣ. ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ಹೆದ್ದಾರಿಯಲ್ಲಿ, ಸರಿಸುಮಾರು ನಡುದಾರಿಯಲ್ಲಿ, ಸವಳಂಗವೆಂಬ ಊರು ಸಿಕ್ಕುತ್ತದೆ. ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ನ್ಯಾಮತಿ ತಾಲ್ಲೂಕಿನದು. ಜಿಲ್ಲೆಯೂ 1997ರಿಂದ ಶಿವಮೊಗ್ಗೆಯಲ್ಲ, ದಾವಣಗೆರೆ. ಪಡುವಣ ದಿಕ್ಕಿಗೆ ಮಲೆನಾಡಿನ ಸೆರಗು, ಮೂಡಣ ದಿಕ್ಕಿಗೆ ತುಂಗಭದ್ರೆಯ ಬಯಲು, ಇವೆರಡೂ ಕೈಹಿಡಿಯುವ ಎಡೆಯಿದು. ಇಲ್ಲಿಯ ಕೆರೆಯನ್ನು ದಾರಿಹೋಕರೂ ಗಮನಿಸದೆ ಇರಲಾರರು. ಒಬ್ಬ ಚಿತ್ರಕಾರನು ಬಣ್ಣದ ಪೆಟ್ಟಿಗೆ, ಕಾಗದ, ಮಡಿಚುವ ಪೀಠ ಇವುಗಳೊಡನೆ ಇಲ್ಲಿಗೆ ಬಂದು ಏರಿಯ ಮೇಲೆ ಕುಳಿತನೆಂದು ಭಾವಿಸೋಣ. ಆಚೆಯ ದಡದಲ್ಲಿ ಒಂದು ಮರವಿದೆ. ಹೊಂಗೆಯೆಂದು ಇಟ್ಟುಕೊಳ್ಳಿ, ನೀರಿನ ಬಳಿ ಸುಖವಾಗಿ ಬೆಳೆಯುವ ಮರ.

ಅವನು ತಿಳಿಯಬೇಕಾದ ಮೊದಲನೆಯ ವಿಷಯವೇನೆಂದರೆ, ತಾನು ಕುಳಿತಿರುವುದು ಸರೋವರದ ದಡದಲ್ಲಲ್ಲ ಎಂಬುದು. ಸರೋವರವು ಪ್ರಕೃತಿಯ ಕೃತಿ; ಕೆರೆಯು ಮನುಷ್ಯನ ಕೃತಿ. ಮೈಸೂರು ಪ್ರಸ್ಥಭೂಮಿಯಲ್ಲಿ ನಾವು ‘ಲೇಕ್’ ಎಂದು ಹಲಗೆ ಬರೆದು ನಿಲ್ಲಿಸಿರುವುದೆಲ್ಲವೂ ಬಹುಮಟ್ಟಿಗೆ ಯಾರೋ ಕಟ್ಟಿಸಿದ ಕೆರೆ. ಸವಳಂಗದ ಸುತ್ತಿನ ಸೀಮೆಯೇ ಇದಕ್ಕೆ ಸಾಕ್ಷಿ. ಶಿಕಾರಿಪುರದ ಆಚೆ ತಾಳಗುಂದದಲ್ಲಿ ಕುಬ್ಜಕವಿಯು ರಚಿಸಿದ ಸಂಸ್ಕೃತ ಶಾಸನವಿರುವ ಕಂಬವುಂಟು. ಕ್ರಿಸ್ತಶಕ ಐದನೆಯ ಶತಮಾನದ್ದು. ಕದಂಬವಂಶದ ಚರಿತ್ರೆಗಾಗಿ ಅದನ್ನು ಎಲ್ಲರೂ ಓದುತ್ತಾರೆ. ಆದರೆ ಆ ಕಂಬವು ಹುಟ್ಟಿದ್ದು ಕಾಕುತ್ಸ್ಥವರ್ಮನು ಅಲ್ಲಿಯ ಶಿವಾಲಯದ ಬಳಿ ಕಟ್ಟಿಸಿದ ಒಂದು ಕೆರೆಯನ್ನು ದಾಖಲೆಮಾಡುವುದಕ್ಕೆ. ಇತ್ತ ಚನ್ನಗಿರಿ ತಾಲ್ಲೂಕಿನಲ್ಲಿ ಶಾಂತಿಸಾಗರವೆಂದು ಹೆಸರಾದ ಸೂಳೆಕೆರೆ. ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಅದರ ಸುತ್ತಳತೆಯನ್ನು 40 ಮೈಲಿಯೆಂದು ಬರೆದಿದ್ದಾರೆ. ಅಷ್ಟು ದೊಡ್ಡ ನೀರನ್ನು ಎರಡು ಗುಡ್ಡಗಳ ನಡುವಣ ಒಂದು ಗಿಡ್ಡನೆಯ ಏರಿ ತಡೆದು ನಿಲ್ಲಿಸಿದೆಯೆಂಬುದನ್ನು ಕಣ್ಣಾರೆ ಕಂಡಾಗಲೂ ನಂಬುವುದು ಕಷ್ಟ.

ಕೆರೆಗೆ ಅಂಗಾಂಗಗಳುಂಟು: ಏರಿ, ತೂಬು, ಕೋಡಿ, ಅಂಗಳ, ಕೆಳಗೆ ಅಚ್ಚುಕಟ್ಟು. ಅದಕ್ಕೊಂದು ಮುಖವೂ ಬೆನ್ನೂ ಇವೆ. ಏರಿಯ ಕಡೆ ನೀರು ಆಳ, ದಡ ಕಡಿದು, ಗೆರೆ ನೇರ. ಎದುರಿನ ಅಂಗಳದ ಕಡೆ ನೀರು ತೆಳ್ಳಗೆ, ದಡವೆಲ್ಲಿ ಮುಗಿಯಿತು ಹೊಲವೆಲ್ಲಿ ಮೊದಲಾಯಿತೆಂದು ಹೇಳಲಾಗದು. ಆದಕಾರಣ ಮರವು ಯಾವ ಕಡೆ ನಿಂತಿದೆಯೆಂಬುದು ಚಿತ್ರದಲ್ಲಿ ದೊಡ್ಡ ವಿಚಾರ. ಏರಿಯ ಮೇಲೆ ದೊಡ್ಡ ಮರ ಬೆಳೆದರೆ ಇಂಜಿನಿಯರು ಮುಖ ಗಂಟಿಕ್ಕುತ್ತಾನೆ; ಮರ ಸತ್ತ ಮೇಲೆ ಬೇರು ಕೊಳೆತು, ಆ ಬೇರಿದ್ದ ಬಿಲದ ದಾರಿಯಲ್ಲಿ ನೀರು ಜಿನುಗಿ, ಏರಿ ಒಡೆಯುವ ಭಯವುಂಟು. ಹಾಗಿದ್ದರೂ ನಮ್ಮ ಹಳೆಯ ಏರಿಗಳ ಮೇಲೆ ಹುಣಿಸೆ, ಅರಳಿ, ಆಲಗಳು ನಿಂತೇ ಇವೆ. ಅಂಗಳದ ಕಡೆಯಾದರೋ ಕರಿಜಾಲಿಯ ರಾಜ್ಯ. ತಿಂಗಳುಗಟ್ಟಲೆ ಬುಡ ಮುಳುಗಿದ್ದರೂ ಅದು ಸಾಯುವುದಿಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯವರು ಅದನ್ನು ಕೆರೆಯಂಗಳಗಳಲ್ಲಿ ಸಾಲುಸಾಲಾಗಿ ನೆಟ್ಟುದು ಈ ಗುಣವನ್ನು ಕಂಡೇ. ಸೊರಬ ತಾಲ್ಲೂಕಿನ ಗುಡವಿಯಲ್ಲಿ ಮಳೆಗಾಲಕ್ಕೆ ಕೆರೆ ತುಂಬಿದಾಗ ಮರಗಳು ನೀರಿನೊಳಗೇ ನಿಲ್ಲುತ್ತವೆ. ಆಗ ಕಾಂಡವು ಕಾಣುವುದೇ ಇಲ್ಲ. ಮೇಲಿನ ಹಸುರು ಕೆಳಗಿನ ಹಸುರಿಗೆ ನೇರವಾಗಿ ಅಂಟಿಕೊಂಡು ಒಂದು ದುಂಡನೆಯ ಹಸುರಿನ ಗಡ್ಡೆಯಾಗಿ, ಅದರ ಮೇಲೆ ಹಕ್ಕಿಗಳು ಬಿಳಿಯ ಚುಕ್ಕೆಗಳಾಗಿ ಕೂತಿರುತ್ತವೆ. ಇಂಥದನ್ನು ಬರೆದರೆ ಕ್ಯಾಲೆಂಡರಿನವರು ಕೊಳ್ಳಲಾರರು.

ಇನ್ನು ನೀರಿನ ವಿಚಾರಕ್ಕೆ ಬರೋಣ. ಮರದ ಚಿತ್ರವನ್ನು ಮರದಿಂದಲೇ ನೋಡಲು ಮೊದಲುಮಾಡುವುದು ನಮ್ಮೆಲ್ಲರ ಅಭ್ಯಾಸ. ನಾನು ಹೇಳುವುದು, ನೀರಿನಿಂದ ಮೊದಲುಮಾಡಿ. ಚಿತ್ರಕಾರನು ನಿಜವಾಗಿ ಕೆರೆಯ ಬಳಿ ಕುಳಿತಿದ್ದನೋ ಅಥವಾ ಕೋಣೆಯಲ್ಲಿ ಕುಳಿತು ಮರವನ್ನು ಬರೆದು, ಕಾಗದವನ್ನು ತಿರುವಿ ಅದನ್ನೇ ಇನ್ನೊಮ್ಮೆ ಬರೆದನೋ ಎಂಬುದು ನೀರಿನಲ್ಲಿ ಬಯಲಾಗುತ್ತದೆ.

ಏಕೆಂದರೆ ಪ್ರತಿಬಿಂಬವು ಮರದ ನಕಲಲ್ಲ. ಇದು ಕೇಳಲು ವಿಚಿತ್ರ. ಕನ್ನಡಿಯಲ್ಲಿ ಕಾಣುವುದು ನಾವೇ ಅಲ್ಲವೆ ಎಂದು ನೀವು ಕೇಳಬಹುದು. ಆದರೆ ಏರಿಯ ಮೇಲೆ ಕುಳಿತವನ ಕಣ್ಣು ನೀರಿನ ಮಟ್ಟಕ್ಕಿಂತ ಹದಿನೈದು ಅಡಿ ಮೇಲಿದೆಯೆನ್ನಿ. ನೀರಿನಲ್ಲಿ ಅವನಿಗೆ ಕಾಣುವ ಮರ ಎಂಥದೆಂದರೆ, ನೀರಿನ ಮಟ್ಟಕ್ಕಿಂತ ಹದಿನೈದು ಅಡಿ ಕೆಳಗೆ ಒಂದು ಕಣ್ಣಿದ್ದು, ಅದು ಮೇಲಕ್ಕೆ ನೋಡಿದ್ದರೆ ಹೇಗೆ ಕಾಣುತ್ತಿತ್ತೋ ಹಾಗೆ. ಅಂದರೆ ಮೇಲಿನ ಮರವನ್ನು ನೋಡುತ್ತಿರುವುದು ಏರಿಯ ಮೇಲಿನ ಮನುಷ್ಯ. ಕೆಳಗಿನ ಮರವನ್ನು ನೋಡುತ್ತಿರುವುದು ಕೆರೆಯ ತಳದ ಮೀನು ಎಂದರೂ ಸಲ್ಲುತ್ತದೆ. ಇದರಿಂದ ಹಲವು ಪರಿಣಾಮಗಳು ಉಂಟಾಗುತ್ತವೆ. ಮೇಲೆ ಎಲೆಗಳ ಬೆನ್ನು ಬಿಸಿಲಿಗೆ ಹೊಳೆಯುತ್ತಿದ್ದರೆ ಕೆಳಗೆ ಅವುಗಳ ಹೊಟ್ಟೆ ಕಾಣುತ್ತದೆ. ಮೇಲೆ ಸೊಪ್ಪಿನಲ್ಲಿ ಅಡಗಿದ್ದ ಕೊಂಬೆಗಳ ಕವಲು, ಹಕ್ಕಿಯ ಗೂಡಿನ ಅಡಿ, ಇವು ನೀರಿನಲ್ಲಿ ತೋರಿಬರುತ್ತವೆ. ಮರವು ದಡದ ಅಂಚಿನಿಂದ ಸ್ವಲ್ಪ ಹಿಂದೆ ನಿಂತಿದ್ದರೆ ಅದರ ಬುಡವು ನೀರಿನಲ್ಲಿ ಕಾಣುವುದೇ ಇಲ್ಲ. ದಡದ ಬಿಂಬವೇ ಅದನ್ನು ಮರೆಮಾಡುತ್ತದೆ.

ಎಲ್ಲಕ್ಕಿಂತ ಸೋಜಿಗವಾದುದು ಹಿಂದಿನ ಗುಡ್ಡದ ಸಂಗತಿ. ಎತ್ತರದಲ್ಲಿ ಕುಳಿತು ನೋಡುವವನಿಗೆ ದೂರದ ಗುಡ್ಡವು ಹತ್ತಿರದ ಮರದ ತಲೆಗಿಂತ ಮೇಲಕ್ಕೆ ಎದ್ದಿರಬಹುದು. ಅದೇ ಗುಡ್ಡ, ಅದೇ ಮರ, ನೀರಿನಲ್ಲಿ ನೋಡಿದರೆ ಮರವು ಗುಡ್ಡವನ್ನು ಮೀರಿಸಿ ಆಕಾಶಕ್ಕೆ ಚಾಚಿಕೊಂಡಿರುತ್ತದೆ. ಕಣ್ಣು ಕೆಳಕ್ಕಿಳಿದಷ್ಟೂ ಹತ್ತಿರದ ವಸ್ತು ಎತ್ತರವಾಗಿ ದೂರದ್ದು ಕುಗ್ಗುವುದು ದೃಷ್ಟಿಯ ನಿಯಮ. ಮೇಲೆ ಗುಡ್ಡಕ್ಕೆ ತಲೆಬಾಗಿದ ಮರ ಕೆಳಗೆ ಗುಡ್ಡವನ್ನು ಗೆದ್ದಿರುವುದನ್ನು ಯಾವ ಚಿತ್ರದಲ್ಲಿ ಕಂಡರೂ, ಇವನು ಬಿಸಿಲಿನಲ್ಲಿ ಕುಳಿತವನು ಎಂದು ನಂಬಬಹುದು. ಮನೆಯಲ್ಲಿ ಕುಳಿತು ಊಹಿಸಿದವನಿಗೆ ಇದು ಹೊಳೆಯುವಂತಿಲ್ಲ.

ನೀರು ಎಲ್ಲ ಕಡೆಯೂ ಒಂದೇ ಸಮನಾಗಿ ಕನ್ನಡಿಯಾಗುವುದಿಲ್ಲವೆಂಬುದೂ ಗಮನಿಸಬೇಕಾದ ಮಾತು. ನೇರವಾಗಿ ಕೆಳಕ್ಕೆ, ಕಾಲಬುಡದ ನೀರನ್ನು ನೋಡಿದರೆ, ಅದು ನೂರರಲ್ಲಿ ಎರಡು ಪಾಲು ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ಮಿಕ್ಕದ್ದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ದೂರದ ನೀರನ್ನು ಓರೆಯಾಗಿ ನೋಡುತ್ತ ಹೋದಂತೆ ಈ ಪಾಲು ಏರುತ್ತ ಏರುತ್ತ, ದಿಗಂತದ ಬಳಿ ಬಹುಮಟ್ಟಿಗೆ ಪೂರ್ತಿಯಾಗುತ್ತದೆ. ಆದುದರಿಂದ ಹತ್ತಿರದಲ್ಲಿ ಕೆಸರು, ಪಾಚಿ, ಬೆಣಚುಕಲ್ಲು. ನಡುವೆ ನೀರಿನ ಸ್ವಂತ ಬಣ್ಣ. ದೂರದಲ್ಲಿ ಬರಿಯ ಆಕಾಶ. ಒಂದೇ ಕೆರೆ ಮೂರು ವಸ್ತುವಾಗಿ ಕಾಣುತ್ತದೆ. ಇಡೀ ಕೆರೆಗೆ ಒಂದೇ ನೀಲಿಯನ್ನು ಬಳಿಯುವವನು ಈ ಮೂರನ್ನೂ ಕಳೆದುಕೊಳ್ಳುತ್ತಾನೆ.

ನಮ್ಮ ಭಾಷೆಯಲ್ಲಿ ಇಲ್ಲೊಂದು ಸಣ್ಣ ತೊಡಕಿದೆ. ಬಿಸಿಲಿಗೆ ಬೀಳುವುದನ್ನೂ ನೆರಳೆನ್ನುತ್ತೇವೆ. ನೀರಿನಲ್ಲಿ ಕಾಣುವುದನ್ನೂ ಮಾತಿನ ರೂಢಿಯಲ್ಲಿ ನೆರಳೆಂದೇ ಹೇಳುತ್ತೇವೆ. ಮಾತಿಗೆ ಇದರಿಂದ ಕೊರತೆಯಿಲ್ಲ. ಚಿತ್ರಕ್ಕೆ ಮಾತ್ರ ಇವೆರಡೂ ಬೇರೆ. ಬಿಸಿಲಿನ ನೆರಳು ಸೂರ್ಯನಿಗೆ ಬೆನ್ನುಹಾಕಿ ಬೀಳುತ್ತದೆ. ನೀವು ಏರಿಯ ಮೇಲೆ ಎಲ್ಲಿಗೆ ನಡೆದರೂ ಅದು ಕದಲದು. ನೀರಿನ ಬಿಂಬವಾದರೋ ಯಾವಾಗಲೂ ನಿಮ್ಮ ಕಡೆಗೇ ಚಾಚಿರುತ್ತದೆ; ನೀವು ನಡೆದರೆ ಅದೂ ನಡೆಯುತ್ತದೆ. ಇನ್ನೊಂದು ಸೂಕ್ಷ್ಮವುಂಟು. ತಿಳಿನೀರಿನ ಮೇಲೆ ಬಿಸಿಲಿನ ನೆರಳು ನಿಲ್ಲುವುದೇ ಇಲ್ಲ, ಏಕೆಂದರೆ ಅದು ಬೀಳಲು ಅಲ್ಲಿ ಮೇಲ್ಮೈ ಸಿಕ್ಕುವುದಿಲ್ಲ. ನೆರಳು ಬಿದ್ದು ಕಾಣಬೇಕಾದರೆ ನೀರಿನಲ್ಲಿ ಮಣ್ಣು ಕಲಸಿರಬೇಕು. ಇಂಗ್ಲೆಂಡಿನ ರಸ್ಕಿನ್ನನು 1843ರಲ್ಲಿ ಮೊದಲ ಸಂಪುಟವು ಹೊರಬಂದ ತನ್ನ ‘ಮಾಡರ್ನ್ ಪೇಂಟರ್ಸ್’ ಗ್ರಂಥದಲ್ಲಿ ಇದನ್ನು ಬಹಳ ವಿಸ್ತಾರವಾಗಿ ಚರ್ಚಿಸಿದ್ದಾನೆ. ಸ್ವಲ್ಪ ಅತಿಯಾಗಿಯೇ ಎಂದು ನನ್ನ ಅಭಿಪ್ರಾಯ. ನಮ್ಮ ರೈತನಿಗೆ ರಸ್ಕಿನ್ನನ ಸಹಾಯ ಬೇಕಿಲ್ಲ. ಆಷಾಢದಲ್ಲಿ ಹೊಸನೀರು ಬಂದು ಕೆರೆ ಕೆಂಪಗಾದಾಗ ಹೊಂಗೆಯ ಕರಿನೆರಳು ಆ ಕೆಂಪಿನ ಮೇಲೆ ಬಟ್ಟೆ ಹಾಸಿದಂತೆ ಬಿದ್ದಿರುತ್ತದೆ. ಮಣ್ಣು ತಳಕ್ಕಿಳಿದು, ಆಶ್ವಯುಜದ ವೇಳೆಗೆ ನೀರು ತಿಳಿಯಾದಾಗ, ಆ ನೆರಳು ಮಾಯವಾಗಿ ಬಿಂಬವೊಂದೇ ಉಳಿಯುತ್ತದೆ. ಅಂದಮೇಲೆ, ಚಿತ್ರದಲ್ಲಿ ನೀರಿನ ಮೇಲೆ ನೆರಳಿದೆಯೋ ಬಿಂಬವಿದೆಯೋ ಎಂಬುದರಿಂದಲೇ ತಿಂಗಳನ್ನು ಹೇಳಬಹುದು.

ಗಾಳಿಯೆದ್ದಾಗ ಏನಾಗುತ್ತದೆ? ಸಣ್ಣ ಅಲೆಗಳು ಏಳುತ್ತವೆ. ಒಂದೊಂದು ಅಲೆಯೂ ಒಂದೊಂದು ವಾಲಿದ ಕನ್ನಡಿ. ಬಿಂಬವು ನೋಡುವವನ ಕಡೆಗೆ ಉದ್ದುದ್ದ ಎಳೆಯಲ್ಪಡುತ್ತದೆಯೇ ಹೊರತು ಅಗಲದಲ್ಲಿ ಅಷ್ಟು ಹರಡುವುದಿಲ್ಲ. ಆದುದರಿಂದ ನಿಂತ ಕಾಂಡವು ನೀರಿನಲ್ಲಿ ಉಳಿದುಕೊಳ್ಳುತ್ತದೆ, ಅಡ್ಡಕೊಂಬೆಗಳು ಕರಗಿಹೋಗುತ್ತವೆ. ಗಾಳಿ ಬೀಸುವಾಗಲೂ ಕೊಂಬೆರೆಂಬೆಗಳನ್ನು ನೀರಿನಲ್ಲಿ ಸ್ಫುಟವಾಗಿ ಬಿಡಿಸಿದ್ದರೆ ಅದು ಸುಳ್ಳು. ಫ್ರಾನ್ಸಿನ ಕೊರೋ ಎಂಬ ಚಿತ್ರಕಾರನು 1864ರಲ್ಲಿ ಬರೆದ ‘ಮೋರ್ತ್‌ಫೋಂತೇನಿನ ನೆನಪು’ ಎಂಬ ಚಿತ್ರವು ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಅದೂ ಸಹ ಕೊಳದ ದಡದ ಮರವೇ: ಬಲಕ್ಕೆ ದೊಡ್ಡದೊಂದು ಮರ, ಎಡಕ್ಕೆ ಸಣಕಲು ಗಿಡ, ಗಿಡದ ಬಳಿ ಒಬ್ಬ ಹೆಂಗಸು ಮತ್ತು ಮಕ್ಕಳು, ನಡುವೆ ನೀರು. ಹೆಸರೇ ಹೇಳುವಂತೆ ಅದು ನೆನಪಿನ ಚಿತ್ರ. ಆದರೂ ಆ ನೀರು ನಿಜವಾದ ನೀರು. ಅಲ್ಲಿ ಆಚೆಯ ದಡವು ಮಸುಕಾಗಿ ಮೈಚಾಚಿರುವುದು ಅನೇಕ ವರ್ಷ ಬಯಲಿನಲ್ಲಿ ಕುಳಿತು ಕಂಡವನ ಕೈಯಿಂದಲೇ ಬರಬೇಕಾದದ್ದು.

ನಮ್ಮ ಹಳೆಯ ಚಿತ್ರಗಾರರು ಇದನ್ನೆಲ್ಲ ಮಾಡಲಿಲ್ಲವೇಕೆ ಎಂದು ಕೆಲವರು ಕೇಳುತ್ತಾರೆ. ಅವರು ಕೆರೆಕೊಳಗಳನ್ನು ಬರೆಯಲಿಲ್ಲವೆಂತಲ್ಲ. ಬೇರೆ ರೀತಿಯಲ್ಲಿ ಬರೆದರು. ಭಾರತದ ಹಳೆಯ ಚಿತ್ರಪಟಗಳಲ್ಲಿ ಕೊಳವನ್ನು ಮೇಲಿನಿಂದ ನೋಡಿದಂತೆ ಚೌಕವಾಗಿ ಹಾಸಿ, ನೀರನ್ನು ಹೆಣೆದ ಚಾಪೆಯಂಥ ಗೆರೆಗಳಿಂದ ತುಂಬಿ, ಒಳಗೆ ಮೀನು, ಆಮೆ, ತಾವರೆಗಳನ್ನಿಟ್ಟು, ದಡದ ಮರಗಳನ್ನು ಮಾತ್ರ ಪಕ್ಕದಿಂದ ನೋಡಿದಂತೆ ನಿಲ್ಲಿಸುವುದನ್ನು ಕಾಣುತ್ತೇವೆ. ಈಜಿಪ್ಟಿನ ನೆಬಮುನ್ ಎಂಬುವನ ಸಮಾಧಿಯ ಗೋಡೆಯಲ್ಲಿದ್ದು ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ, ಮೂರು ಸಾವಿರ ವರ್ಷಕ್ಕೂ ಹಿಂದಿನ ತೋಟದ ಕೊಳವೂ ಹೀಗೆಯೇ ಇದೆ. ಇದು ಅಜ್ಞಾನವಲ್ಲ. ಕೊಳವು ತನ್ನ ಮೈಮೇಲೆ ಏನನ್ನು ತೋರುತ್ತದೆಯೆಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಹೊಟ್ಟೆಯಲ್ಲಿ ಏನನ್ನು ಹೊತ್ತಿದೆಯೆಂಬುದು ಮುಖ್ಯವಾಗಿತ್ತು. ಅಲಂಕಾರಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳನ್ನೇ ನೋಡಿ. ಸಮುದ್ರವಿದೆ, ಪರ್ವತವಿದೆ, ಉದ್ಯಾನವಿದೆ, ಜಲಕ್ರೀಡೆಯೂ ಇದೆ. ಕೆರೆಗೆಂದು ಬೇರೆಯ ಸ್ಥಾನವಿಲ್ಲ. ಸಮುದ್ರವನ್ನೇ ಕಾಣದ ಬಯಲುಸೀಮೆಯ ಕವಿಯೂ ಸಮುದ್ರವನ್ನು ವರ್ಣಿಸಬೇಕಾಗಿತ್ತು. ಕಣ್ಣೆದುರಿನ ಕೆರೆಯು ಶಾಸನಕ್ಕೆ ಬಂದಷ್ಟು ಸುಲಭವಾಗಿ ಲಕ್ಷಣಗ್ರಂಥಕ್ಕೆ ಬರಲಿಲ್ಲ.

ಬಯಲಿನಲ್ಲಿ ಕುಳಿತು ದೃಶ್ಯವನ್ನೇ ವಸ್ತುವಾಗಿ ಬರೆಯುವ ಪದ್ಧತಿಯು ಮೈಸೂರು ಸೀಮೆಗೆ ಬಂದದ್ದು ದಂಡಿನ ಜೊತೆಯಲ್ಲಿ. 1791-92ರಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ರಾಬರ್ಟ್ ಹೋಮ್ ಎಂಬ ಚಿತ್ರಕಾರನಿದ್ದನು. ಭೂಮಾಪಕನಾದ ಕೋಲ್‌ಬ್ರೂಕನೂ, ಫಿರಂಗಿದಳದ ಜೇಮ್ಸ್ ಹಂಟರನೂ ಅದೇ ಕಾಲದಲ್ಲಿ ನಮ್ಮ ಕೋಟೆ ಕೆರೆ ಬೆಟ್ಟಗಳನ್ನು ಬರೆದರು. ಇವರ ಚಿತ್ರಗಳು ಲಂಡನ್ನಿನಲ್ಲಿ ಅಚ್ಚಾಗಿ ಮಾರಾಟವಾದವು. ಇವುಗಳಲ್ಲಿ ದೃಷ್ಟಿಯ ನಿಯಮಗಳೆಲ್ಲ ಸರಿಯಾಗಿಯೇ ಇವೆ. ಆದರೂ ಅಲ್ಲಿ ಮರವು ಕೋಟೆಯ ದೃಶ್ಯಕ್ಕೆ ಕಟ್ಟಿದ ಚೌಕಟ್ಟು. ದಾರಿಯಲ್ಲಿ ಹೋಗುವ ಪರಸ್ಥಳದವನು ಕಂಡ ಕೆರೆಯದು. ಮುಂದಿನ ವರ್ಷ ಅದು ತುಂಬೀತೇ ಇಲ್ಲವೇ ಎಂಬ ಚಿಂತೆ ಅವನಿಗಿಲ್ಲ.

ಕನ್ನಡನಾಡಿನ ಕಣ್ಣಿನಿಂದ ನೀರನ್ನು ನೋಡಿದ ಚಿತ್ರಕಾರರೆಂದರೆ ನನಗೆ ಮೊದಲು ನೆನಪಾಗುವವರು ಕೆ. ವೆಂಕಟಪ್ಪನವರು. 1886ರಲ್ಲಿ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಿಂದ ಕಲ್ಕತ್ತೆಗೆ ಹೋಗಿ, ಅಲ್ಲಿಯ ಸರಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ ಬೋಸರ ಸಹಪಾಠಿಯಾಗಿ ಕಲಿತರು. ಆ ಗುರುಕುಲದಲ್ಲಿ ಪುರಾಣದ ಚಿತ್ರಗಳಿಗೇ ಮನ್ನಣೆ. ವೆಂಕಟಪ್ಪನವರೂ ಅವನ್ನು ಬರೆದು ಹೆಸರು ಪಡೆದರು. ಊರಿಗೆ ಹಿಂದಿರುಗಿದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು. ಆಮೇಲೆ ಉದಕಮಂಡಲಕ್ಕೂ ಕೊಡೈಕಾನಲ್ಲಿಗೂ ಹೋಗಿ, ಬೆಟ್ಟ, ಮಂಜು, ಬೆಳುದಿಂಗಳು, ಮಳೆಮೋಡ, ಕೆರೆಯ ನೀರು ಇವನ್ನು ಜಲವರ್ಣದಲ್ಲಿ ಚಿತ್ರಿಸಿದರು. ಉದಕಮಂಡಲದ ಚಿತ್ರಗಳು 1926ರ ಸುಮಾರಿನವು. 1965ರಲ್ಲಿ ಅವರು ತೀರಿಕೊಂಡ ಬಳಿಕ ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ ಅವರ ಹೆಸರಿನ ಚಿತ್ರಶಾಲೆಯೇ ಎದ್ದಿತು.

ಜಲವರ್ಣದಲ್ಲಿ ಬಿಳಿಯ ಬಣ್ಣವೆಂಬುದು ಬಹುಮಟ್ಟಿಗೆ ಇಲ್ಲ, ಕಾಗದವೇ ಬಿಳುಪು. ಕೆರೆಯ ಮೇಲಿನ ಹೊಳಪನ್ನು ಬಳಿಯಲಾಗುವುದಿಲ್ಲ, ಬಿಡಬೇಕು. ಮುಂದಾಲೋಚನೆಯಿಂದ ಕಾಗದದ ಆ ಭಾಗವನ್ನು ಮುಟ್ಟದೆ ಕಾಪಾಡಿಕೊಂಡು ಬರಬೇಕು. ಒಮ್ಮೆ ಮುಟ್ಟಿದರೆ ಹೋಯಿತು. ವೈಣಿಕನಾದವನಿಗೆ ಎರಡು ಮೀಟಿನ ನಡುವಣ ಮೌನದ ಬೆಲೆ ತಿಳಿದಿರುತ್ತದೆಯಾದ್ದರಿಂದ, ವೆಂಕಟಪ್ಪನವರ ನೀರಿಗೂ ಅವರ ವೀಣೆಗೂ ಸಂಬಂಧ ಕಲ್ಪಿಸುವ ಆಸೆ ನನಗೆ ಆಗುತ್ತದೆ. ಇದು ನನ್ನ ಕಲ್ಪನೆಯೆಂದೇ ತಿಳಿಯಿರಿ. ಚೀನದವರು ಇದನ್ನು ಬಹು ಹಿಂದೆಯೇ ಸಾಧಿಸಿದ್ದರು. ದೃಶ್ಯಚಿತ್ರಕ್ಕೆ ಅವರ ಹೆಸರೇ ‘ಬೆಟ್ಟ-ನೀರು’ ಎಂದು. ಸುಂಗರ ಕಾಲದ ಮಾ ಯುವಾನನು ಒಂದು ಮೂಲೆಯಲ್ಲಿ ಮರವನ್ನಿಟ್ಟು ಮಿಕ್ಕ ರೇಷ್ಮೆಯನ್ನೆಲ್ಲ ಬರಿದಾಗಿ ಬಿಡುತ್ತಿದ್ದನು. ಆ ಬರಿದೇ ಅಲ್ಲಿ ನೀರು.

ಉದಕಮಂಡಲದ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. ಪ್ರವಾಸಿಗರು ಪ್ರಕೃತಿಯ ವರವೆಂದು ಭಾವಿಸುವ ಅಲ್ಲಿಯ ಸರೋವರವೂ ಕಟ್ಟೆ ಹಾಕಿ ನಿಲ್ಲಿಸಿದ ಕೆರೆಯೇ. 1820ರ ದಶಕದಲ್ಲಿ ಕಲೆಕ್ಟರಾಗಿದ್ದ ಜಾನ್ ಸಲ್ಲಿವನ್ನನು ಬೆಟ್ಟದ ತೊರೆಗಳನ್ನು ತಡೆದು ಅದನ್ನು ಮಾಡಿಸಿದನು. ಅದರ ಸುತ್ತ ನಿಂತಿರುವ ನೀಲಗಿರಿ ಮರಗಳೂ ಆಸ್ಟ್ರೇಲಿಯಾದಿಂದ ಬಂದವು. ಬೆಟ್ಟದ ಹೆಸರನ್ನೇ ಮರಕ್ಕೆ ಕೊಟ್ಟು ನಾವು ಅದನ್ನು ಮನೆಯವರನ್ನಾಗಿ ಮಾಡಿಕೊಂಡೆವು. ಹೀಗೆಯೇ ಬೆಂಗಳೂರಿನ ಹೂಮರಗಳನ್ನು ಬಿಸಿಲಿನಲ್ಲಿ ನಿಂತೇ ಬರೆದ ರುಮಾಲೆ ಚನ್ನಬಸವಯ್ಯನವರ ಚಿತ್ರಗಳಲ್ಲಿ ಉರಿಯುವ ಕೆಂಪಿನ ಗುಲ್‌ಮೊಹರ್ ಮಡಗಾಸ್ಕರಿನದು. 1910ರಿಂದ 1988ರವರೆಗೆ ಬಾಳಿದ ರುಮಾಲೆಯವರು ಸ್ವಾತಂತ್ರ್ಯ ಚಳವಳಿಗಾಗಿ ಕುಂಚವನ್ನು ಕೆಳಗಿಟ್ಟು, ‘ತಾಯಿನಾಡು’ ಪತ್ರಿಕೆಯ ಸಂಪಾದಕರೂ ಆಗಿದ್ದು, ಐವತ್ತರ ಗಡಿ ದಾಟಿದ ಮೇಲೆ ಮತ್ತೆ ಬಣ್ಣ ಹಿಡಿದವರು. ವೆಂಕಟಪ್ಪನವರದು ಮಂಜಿನ ಬೆಳಕು, ಇವರದು ನಡುಹಗಲಿನದು. ಇಬ್ಬರೂ ಕೋಣೆಯನ್ನು ಬಿಟ್ಟು ಹೊರಗೆ ಬಂದವರು ಎಂಬಲ್ಲಿ ಒಂದೇ ಪಂಗಡ.

ಇಷ್ಟು ಹೊತ್ತೂ ನಾನು ಕ್ಯಾಲೆಂಡರಿನ ಮೇಲೆ ಹರಿಹಾಯ್ದುದು ಬರಿಯ ರುಚಿಭೇದದಿಂದಲ್ಲ. ಗೋಡೆಯ ಮೇಲಿನ ಕೆಟ್ಟ ಚಿತ್ರದಿಂದ ಗೋಡೆಗೇನೂ ನಷ್ಟವಿಲ್ಲ. ಆದರೆ ಕೆರೆಯೆಂದರೆ ಹೀಗಿರಬೇಕೆಂದು ಅದು ಕಣ್ಣಿಗೆ ಕಲಿಸುತ್ತದೆ; ಹಾಗೆ ಕಲಿತ ಕಣ್ಣುಳ್ಳವರು ಮುಂದೆ ನಿಜವಾದ ಕೆರೆಗಳ ಅಧಿಕಾರಿಗಳೂ ನೆರೆಹೊರೆಯವರೂ ಆಗುತ್ತಾರೆ. ಈಚಿನ ದಶಕಗಳಲ್ಲಿ ನಮ್ಮ ನಗರಗಳ ಎಷ್ಟೋ ಕೆರೆಗಳನ್ನು ಸುಂದರಗೊಳಿಸುವಾಗ ನಡೆದದ್ದೇನು? ತೆಳುನೀರಿನ ಅಂಗಳವನ್ನು ಅಗೆದು ಬೋಗುಣಿಯಂತೆ ಆಳಮಾಡಿದರು. ಜೊಂಡು ಹುಲ್ಲುಗಳನ್ನು ಕಿತ್ತರು. ಸುತ್ತಲೂ ಕಲ್ಲು ಕಟ್ಟಿ, ನಡೆಯುವ ದಾರಿ ಹಾಕಿ, ಬೇಲಿ ಬಿಗಿದರು. ಮುಗಿದ ಮೇಲೆ ಅದು ಕ್ಯಾಲೆಂಡರಿನ ಚಿತ್ರದಂತೆಯೇ ಕಂಡಿತು. ಕೊಕ್ಕರೆಗೆ ಕಾಲೂರಿ ನಿಲ್ಲಲು ಬೇಕಾದದ್ದು ಮೊಳಕಾಲುದ್ದದ ನೀರು. ಆಳವಾದ ಬೋಗುಣಿಯಲ್ಲಿ ಅದಕ್ಕೆ ಜಾಗವಿಲ್ಲ. ದನಕ್ಕೆ ಇಳಿಜಾರಿಲ್ಲ. ಬೇಸಗೆಯಲ್ಲಿ ನೀರು ತಗ್ಗಿ ಕೆಸರು ಕಂಡರೆ ಕೆರೆ ಹಾಳಾಯಿತೆಂದು ದೂರು ಹೋಗುತ್ತದೆ. ಕೆರೆಯು ಬೇಸಗೆಯಲ್ಲಿ ತಗ್ಗುವುದು ರೋಗವಲ್ಲ, ಅದರ ಧರ್ಮ. ತುಂಬುವುದಕ್ಕೂ ಬರಿದಾಗಿ ಅಚ್ಚುಕಟ್ಟನ್ನು ತಣಿಸುವುದಕ್ಕೂ ಅಲ್ಲವೆ ಅದನ್ನು ಕಟ್ಟಿದ್ದು? ಬೇಸಗೆಯಲ್ಲಿ ಅಂಗಳ ತೆರೆದಾಗಲೇ ಹೂಳೆತ್ತುವ ಗಾಡಿ ಇಳಿಯುತ್ತಿದ್ದುದು, ಆ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿದ್ದುದು. ನಗರದಿಂದ ದೂರವಿರುವ ಸವಳಂಗದಂಥ ಊರುಗಳ ಕೆರೆಗಳಿಗೂ ಈ ಸೌಂದರ್ಯದ ಸರದಿ ಬಾರದೆ ಇರದು.

ಆದುದರಿಂದಲೇ ಏರಿಯ ಮೇಲೆ ಕುಳಿತ ನಮ್ಮ ಚಿತ್ರಕಾರನಿಗೆ ಒಂದು ಸೂಚನೆಯನ್ನು ಕೊಡುವ ಮನಸ್ಸಾಗುತ್ತದೆ. ಆಶ್ವಯುಜದ ತುಂಬುಕೆರೆಯನ್ನು ಅವನು ಬರೆಯಲಿ, ಬೇಡವೆನ್ನುವವರಾರು? ಆದರೆ ಅದೇ ಮರವನ್ನು, ಅದೇ ಜಾಗದಿಂದ, ಮಳೆ ಕೈಕೊಟ್ಟ ವರ್ಷದ ವೈಶಾಖದಲ್ಲಿ ಇನ್ನೊಮ್ಮೆ ಬರೆದು ಎರಡನ್ನೂ ಪಕ್ಕಪಕ್ಕದಲ್ಲಿ ತೂಗುಹಾಕಲಿ. ಆಗ ನೀಲಿಯ ಡಬ್ಬಿಯನ್ನು ತೆರೆಯುವ ಅಗತ್ಯವೇ ಬೀಳದು. ಬೂದಿ, ಗೋಪಿ, ತುಕ್ಕಿನ ಕೆಂಪು, ಬಿರಿದ ಕೆಸರಿನ ಅಂಚಿನಲ್ಲಿ ಸ್ವಲ್ಪ ನೇರಳೆ. ಕಾಂಡದ ಮೇಲೆ, ಆಳಿನ ಎದೆಯೆತ್ತರಕ್ಕೆ, ಹೋದ ವರ್ಷದ ನೀರು ಎಳೆದುಹೋದ ಒಂದು ಅಡ್ಡಗೆರೆ. ಅದರ ಕೆಳಗೆ ತೊಗಟೆಯ ಬಣ್ಣವೇ ಬೇರೆ. ಬೇರುಗಳು ಮಣ್ಣಿನಿಂದ ಹೊರಬಿದ್ದಿರುತ್ತವೆ. ಬುಡದಲ್ಲಿ ಎಲೆಗಳ ಸಂದಿಯಿಂದ ತೂರಿಬಂದ ಬಿಸಿಲಿನ ದುಂಡನೆಯ ಬಿಲ್ಲೆಗಳು. ಇವು ಸಂದಿಗಳ ಆಕಾರವಲ್ಲ, ಸೂರ್ಯನ ಬಿಂಬಗಳೇ. ಗ್ರಹಣದ ದಿನ ನೋಡಿದರೆ ಒಂದೊಂದೂ ಕುಡುಗೋಲಿನಂತೆ ಬಾಗಿರುತ್ತದೆ. ಕೆರೆಯ ನಡುವೆ ಒಂದು ಮಡು ಮಾತ್ರ ಉಳಿದಿದೆ, ಹತ್ತಾರು ಎಮ್ಮೆ ಕೂರುವಷ್ಟು. ಎತ್ತರದ ಏರಿಯ ಮೇಲಿಂದ ನೋಡಿದರೆ ಅದರಲ್ಲಿ ಬರಿಯ ಆಕಾಶವೇ ಕಂಡೀತು. ಮರದ ಬಿಂಬವೂ ಬೇಕೆಂದಿದ್ದರೆ ಅವನು ಪೀಠವನ್ನು ಎತ್ತಿಕೊಂಡು, ಏರಿಯಿಂದ ಇಳಿದು, ಒಣಗಿದ ಅಂಗಳದಲ್ಲಿ ನಡೆದುಹೋಗಿ, ಮಡುವಿನ ಅಂಚಿನಲ್ಲಿ ನೆಲಕ್ಕೆ ಹತ್ತಿ ಕುಳಿತುಕೊಳ್ಳಬೇಕು. ಕಣ್ಣು ಅಷ್ಟು ತಗ್ಗಿದರೆ, ದೂರದ ದಡದಲ್ಲಿರುವ ಆ ಹೊಂಗೆ, ಬುಡದಿಂದ ತುದಿಯವರೆಗೆ, ಎಮ್ಮೆಗಳು ಕದಲದೆ ಇರುವಷ್ಟು ಹೊತ್ತು ಆ ಚೂರು ನೀರಿನೊಳಗೆ ಹಿಡಿಸುತ್ತದೆ.